ಜಡತ್ವ: ಧಕ್ಕೆಯ ದೋಣಿಯಿಂದ ಗ್ರಹಗಳವರೆಗೆ

ಕಾರವಾರದ ಬೈತಖೋಲ ಬಂದರಿಗೆ ಮೀನು ತುಂಬಿಕೊಂಡು ಬರುವ ಟ್ರಾಲರ್ ಒಂದನ್ನು ಅದರ ಕೊನೆಯ ನೂರು ಮೀಟರಿನ ದಾರಿಯಲ್ಲಿ ಗಮನವಿಟ್ಟು ನೋಡಬೇಕು. ದೋಣಿ ಕಟ್ಟುವ ಕಟ್ಟೆಯಾದ ಧಕ್ಕೆ ಇನ್ನೂ ದೂರವಿರುವಾಗಲೇ ದೋಣಿ ನಡೆಸುವ ತಾಂಡೇಲನು ಎಂಜಿನ್ನಿನ ಸದ್ದಿಳಿಸಿ ಗೇರು ಬಿಡಿಸುತ್ತಾನೆ. ಆಮೇಲೆ ದೋಣಿಯನ್ನು ಮುಂದಕ್ಕೆ ದೂಡುವಂಥದ್ದು ಏನೂ ಉಳಿದಿರುವುದಿಲ್ಲ. ಆದರೂ ಅದು ಬರುತ್ತಲೇ ಇರುತ್ತದೆ. ಮುಂಭಾಗದಲ್ಲಿ ನಿಂತವನು ಎಸೆದ ಹಗ್ಗವನ್ನು ಧಕ್ಕೆಯ ಮೇಲಿದ್ದವನು ಹಿಡಿದು ಗೂಟಕ್ಕೆ ಎರಡು ಸುತ್ತು ಹಾಕುತ್ತಾನೆ, ಹಗ್ಗ ಬಿಗಿದು ಕಿರುಗುಟ್ಟುತ್ತದೆ, ಹಿಂಡಿದಂತೆ ಅದರ ಎಳೆಗಳಿಂದ ನೀರು ತೊಟ್ಟಿಕ್ಕುತ್ತದೆ, ಪಕ್ಕದಲ್ಲಿ ತೂಗುಹಾಕಿದ ಹಳೆಯ ಟಯರುಗಳು ಅಮುಕಿಕೊಂಡು, ಕೊನೆಗೆ ದೋಣಿ ನಿಲ್ಲುತ್ತದೆ. ಆ ಹಗ್ಗವನ್ನು ಅಷ್ಟು ಬಿಗಿಯಾಗಿಸಿದ ಗುಣಕ್ಕೆ ನಮ್ಮ ಪಠ್ಯಪುಸ್ತಕಗಳು ಕೊಟ್ಟಿರುವ ಹೆಸರು ‘ಜಡತ್ವ’.

ಹೆಸರು ಕೇಳಿದವರಿಗೆ ಮಾತ್ರ ಈ ಚಿತ್ರ ಕಣ್ಣಿಗೆ ಬರುವುದಿಲ್ಲ. ‘ಜಡ’ ಎಂದರೆ ನಮಗೆ ಚೈತನ್ಯವಿಲ್ಲದ್ದು, ಅಲುಗದೆ ಬಿದ್ದಿರುವುದು, ಮಂದವಾದದ್ದು. ಜ್ವರ ಬಂದರೆ ಮೈ ಜಡವಾಯಿತೆನ್ನುತ್ತೇವೆ, ಕೆಲಸಕ್ಕೆ ಏಳದವನನ್ನು ಜಡಭರತನೆನ್ನುತ್ತೇವೆ. ಆದ್ದರಿಂದ ಜಡತ್ವವೆಂದರೆ ಕುಳಿತಲ್ಲಿಂದ ಏಳದಿರುವ ಸ್ವಭಾವವೆಂದು ಹೆಚ್ಚಿನ ಮಕ್ಕಳು, ಎಷ್ಟೋ ಸಲ ದೊಡ್ಡವರೂ, ಅರ್ಥಮಾಡಿಕೊಂಡಿರುತ್ತಾರೆ. ಭೌತವಿಜ್ಞಾನದಲ್ಲಿ ಈ ಪದದ ಅರ್ಥ ಇದಕ್ಕಿಂತ ವಿಶಾಲವಾದುದು: ಒಂದು ವಸ್ತುವು ತಾನಿರುವ ಸ್ಥಿತಿಯನ್ನು, ಅದು ನಿಂತಿರುವ ಸ್ಥಿತಿಯಾಗಿರಲಿ ಒಂದೇ ವೇಗದಲ್ಲಿ ಒಂದೇ ದಿಕ್ಕಿಗೆ ಸಾಗುತ್ತಿರುವ ಸ್ಥಿತಿಯಾಗಿರಲಿ, ಹೊರಗಿನಿಂದ ಬಲ ಬೀಳುವವರೆಗೆ ತಾನಾಗಿ ಬದಲಿಸಿಕೊಳ್ಳದಿರುವ ಗುಣವೇ ಜಡತ್ವ. ನಿಂತದ್ದು ನಿಂತೇ ಇರುತ್ತದೆಂಬುದು ಅದರ ಅರ್ಧ ಭಾಗ. ಹೊರಟದ್ದು ಹೊರಟೇ ಇರುತ್ತದೆಂಬುದು ಇನ್ನರ್ಧ, ಮತ್ತು ಸೌರವ್ಯೂಹವನ್ನು ತಿಳಿಯಬೇಕಾದವರಿಗೆ ಬೇಕಾದದ್ದು ಈ ಎರಡನೆಯ ಅರ್ಧವೇ.

ಶಿರಸಿಯ ಮಾರಿಕಾಂಬಾ ಜಾತ್ರೆಯಲ್ಲಿ, ಎರಡು ವರ್ಷಕ್ಕೊಮ್ಮೆ ದೇವಿಯ ತೇರು ಬಿಡಕಿಬೈಲಿಗೆ ಹೊರಡುವಾಗ, ಎರಡು ಅರ್ಧಗಳೂ ಒಟ್ಟಿಗೆ ಕಾಣುತ್ತವೆ. ನಿಂತ ತೇರನ್ನು ಮೊದಲ ಒಂದು ಗೇಣು ಅಲುಗಿಸಲು ಜನರೆಲ್ಲ ಮೈಯ ಬಲವನ್ನು ಹಾಕಬೇಕು. ಒಮ್ಮೆ ಹೊರಟಿತೆಂದರೆ ಗಾಲಿಯ ಬಳಿ ಮರದ ತುಂಡು ಹಿಡಿದು ನಡೆಯುವವರ ಎಚ್ಚರವೇ ದೊಡ್ಡದು, ಏಕೆಂದರೆ ಜನರು ಹಗ್ಗವನ್ನು ಬಿಟ್ಟ ಮಾತ್ರಕ್ಕೆ ತೇರು ನಿಲ್ಲುವುದಿಲ್ಲ. ಹೊರಡಿಸುವುದಕ್ಕೂ ನಿಲ್ಲಿಸುವುದಕ್ಕೂ ಕಷ್ಟಪಡಿಸುವ ಗುಣ ಒಂದೇ, ಮತ್ತು ಅದರ ಅಳತೆ ವಸ್ತುವಿನ ದ್ರವ್ಯರಾಶಿ. ಅದೇ ತೇರನ್ನು ಚಂದ್ರನ ಮೇಲಿಟ್ಟರೆ ತೂಕ ಆರನೆಯ ಒಂದು ಪಾಲಿಗೆ ಇಳಿಯುತ್ತದೆ, ಜಡತ್ವ ಕೂದಲೆಳೆಯಷ್ಟೂ ಕಡಿಮೆಯಾಗುವುದಿಲ್ಲ.

ಹಾಗಾದರೆ ಅರ್ಧ ಅರ್ಥವನ್ನಷ್ಟೇ ಹೇಳುವ ಹೆಸರು ಬಂದದ್ದು ಎಲ್ಲಿಂದ? ಇದಕ್ಕೆ ಕನ್ನಡದ ಪದಕಾರರನ್ನು ದೂರುವಂತಿಲ್ಲ. ಯೂರೋಪಿನಲ್ಲಿ ಬಳಕೆಯಾದ ‘ಇನರ್ಶಿಯ’ ಎಂಬ ಲ್ಯಾಟಿನ್ ಪದಕ್ಕೂ ಸೋಮಾರಿತನವೆಂದೇ ಅರ್ಥ. ಅದನ್ನು ಖಗೋಳಶಾಸ್ತ್ರಕ್ಕೆ ತಂದವನು ಯೊಹಾನೆಸ್ ಕೆಪ್ಲರ್. ಗ್ರಹಗಳು ದೀರ್ಘವೃತ್ತದಲ್ಲಿ ಸುತ್ತುತ್ತವೆ ಎಂದು 1609ರಲ್ಲಿ ಜಗತ್ತಿಗೆ ತಿಳಿಸಿದ ಆ ಮಹಾನುಭಾವನೇ, ಗ್ರಹವೊಂದು ತನ್ನಷ್ಟಕ್ಕೆ ಬಿಟ್ಟರೆ ಇದ್ದಲ್ಲೇ ನಿಂತುಬಿಡುತ್ತದೆಂದೂ, ತನ್ನ ಅಕ್ಷದ ಮೇಲೆ ತಿರುಗುವ ಸೂರ್ಯನಿಂದ ಹೊರಡುವ ಒಂದು ಶಕ್ತಿ ಅದನ್ನು ಸದಾ ಮುಂದಕ್ಕೆ ದೂಡುತ್ತಿರಬೇಕೆಂದೂ ನಂಬಿದ್ದನು. ಗ್ರಹದ ಆ ನಿಲ್ಲುವ ಚಟಕ್ಕೆ ಅವನಿಟ್ಟ ಹೆಸರು ಇನರ್ಶಿಯ. ಮುಂದೆ 1687ರಲ್ಲಿ ನ್ಯೂಟನ್ ಅದೇ ಪದವನ್ನು ಉಳಿಸಿಕೊಂಡು, ಅದರೊಳಗಿನ ಅರ್ಥವನ್ನು ಪೂರ್ತಿಯಾಗಿ ಬದಲಿಸಿದನು. ಹೀಗೆ ಹಳೆಯ ಪಾತ್ರೆಯಲ್ಲಿ ಹೊಸ ಪಾಯಸ ತುಂಬಿ ಬಂದ ಪದವನ್ನು ನಾವು ಹಳೆಯ ಪಾತ್ರೆಯ ಹೆಸರಿನಿಂದಲೇ ಕರೆದಿದ್ದೇವೆ.

ಸಾಗುವುದು ಸಾಗಿಯೇ ಇರುತ್ತದೆಂಬ ಮಾತು ಒಪ್ಪಿಗೆಯಾಗಲು ಅಷ್ಟು ಕಾಲ ಹಿಡಿದದ್ದೇಕೆಂಬುದನ್ನೂ ನೋಡಬೇಕು. ನಮ್ಮ ದಿನನಿತ್ಯದ ಅನುಭವವೆಲ್ಲ ಅದಕ್ಕೆ ವಿರುದ್ಧವಾಗಿದೆ. ಹುಟ್ಟು ಹಾಕುವುದನ್ನು ಬಿಟ್ಟರೆ ದೋಣಿ ನಿಲ್ಲುತ್ತದೆ, ಪೆಡಲು ತುಳಿಯುವುದನ್ನು ಬಿಟ್ಟರೆ ಸೈಕಲ್ಲು ನಿಲ್ಲುತ್ತದೆ. ನಿಲ್ಲಿಸುತ್ತಿರುವುದು ನೀರು, ಗಾಳಿ ಮತ್ತು ನೆಲದ ತಿಕ್ಕಾಟವೆಂಬುದನ್ನು ಬುದ್ಧಿಯಿಂದ ಬೇರ್ಪಡಿಸಿ ನೋಡಬೇಕಾಯಿತು. ಗೆಲಿಲಿಯೊ ನುಣುಪಾದ ಇಳಿಜಾರುಗಳ ಮೇಲೆ ಗುಂಡುಗಳನ್ನು ಉರುಳಿಸಿ ಮಾಡಿದ್ದು ಇದನ್ನೇ. ಅವನಿಗಿಂತ ಬಹಳ ಹಿಂದೆ, ಕ್ರಿ.ಶ. 499ರಲ್ಲಿ, ಆರ್ಯಭಟನು ದೋಣಿಯ ಉಪಮೆಯನ್ನೇ ಹಿಡಿದು, ಮುಂದೆ ಸಾಗುವ ದೋಣಿಯಲ್ಲಿ ಕುಳಿತವನಿಗೆ ದಡದ ನಿಂತ ವಸ್ತುಗಳು ಹಿಂದಕ್ಕೆ ಹೋದಂತೆ ಕಾಣುವ ಹಾಗೆ, ನಿಂತಿರುವ ನಕ್ಷತ್ರಗಳು ತಿರುಗುವ ಭೂಮಿಯ ಮೇಲಿರುವ ನಮಗೆ ಪಶ್ಚಿಮಕ್ಕೆ ಸಾಗುವಂತೆ ಕಾಣುತ್ತವೆ ಎಂದಿದ್ದನು. ತದಡಿಯಿಂದ ಅಘನಾಶಿನಿಗೆ ಹೊಳೆ ದಾಟುವಾಗ ದಡದ ತೆಂಗಿನ ಸಾಲನ್ನು ನೋಡಿದವರಿಗೆ ಇದು ವಿವರಣೆಯೇ ಬೇಡದಷ್ಟು ಸ್ಪಷ್ಟವಾದ ಮಾತು.

ಆದರೆ ಈ ಮಾತು ಅವನ ನಂತರದವರಿಗೆ ರುಚಿಸಲಿಲ್ಲ. ವರಾಹಮಿಹಿರನು ಎತ್ತಿದ ಆಕ್ಷೇಪವು ಇಂದಿಗೂ ಗೌರವಕ್ಕೆ ಅರ್ಹವಾದ ಆಕ್ಷೇಪವೆಂದು ನಾನು ಭಾವಿಸುತ್ತೇನೆ: ಭೂಮಿಯೇ ತಿರುಗುವುದಾದರೆ ಆಕಾಶಕ್ಕೆ ಹಾರಿದ ಗಿಡುಗವು ತನ್ನ ಗೂಡಿಗೆ ಹಿಂತಿರುಗುವುದು ಹೇಗೆ? ಇದಕ್ಕೆ ಉತ್ತರ ಕೊಡಲು ಜಡತ್ವದ ಕಲ್ಪನೆ ಬೇಕು, ಮತ್ತು ಆ ಕಲ್ಪನೆ ಆಗ ಯಾರ ಬಳಿಯೂ ಇರಲಿಲ್ಲ. ಪ್ರಶ್ನೆಯ ತೂಕ ತಿಳಿಯಬೇಕಾದರೆ ಗಿಡುಗದ ಬದಲು ನಮ್ಮ ಕರಾವಳಿಯ ತೆಂಗಿನಕಾಯಿಯನ್ನು ತೆಗೆದುಕೊಳ್ಳೋಣ. ಕಾರವಾರದ ಅಕ್ಷಾಂಶದಲ್ಲಿ ನೆಲವು ಭೂಮಿಯ ತಿರುಗುವಿಕೆಯಿಂದಾಗಿ ಸೆಕೆಂಡಿಗೆ ಸುಮಾರು 450 ಮೀಟರ್ ವೇಗದಲ್ಲಿ ಪೂರ್ವಕ್ಕೆ ಓಡುತ್ತಿದೆ. ಇಪ್ಪತ್ತು ಮೀಟರ್ ಎತ್ತರದ ಮರದಿಂದ ಕಳಚಿದ ಕಾಯಿ ನೆಲ ಮುಟ್ಟಲು ಸುಮಾರು ಎರಡು ಸೆಕೆಂಡು ಬೇಕು. ಕಾಯಿ ತೊಟ್ಟಿನಿಂದ ಬಿಡಿಸಿಕೊಂಡ ಕೂಡಲೇ ಪೂರ್ವದ ಓಟವನ್ನು ಮರೆತುಬಿಡುವುದಾಗಿದ್ದರೆ, ಅಷ್ಟರಲ್ಲಿ ಮರವು 900 ಮೀಟರ್ ಮುಂದಕ್ಕೆ ಹೋಗಿರುತ್ತಿತ್ತು. ಕಡಲಂಚಿನ ಹಿತ್ತಿಲುಗಳ ಕಾಯಿಗಳೆಲ್ಲ ಪಶ್ಚಿಮಕ್ಕೆ ಹಿಂದುಳಿದು ಅರಬ್ಬಿ ಸಮುದ್ರದಲ್ಲಿ ಬೀಳುತ್ತಿದ್ದವು. ಅವು ಬೀಳುವುದು ಮರದ ಬುಡದಲ್ಲಿ. ತೊಟ್ಟಿನಲ್ಲಿದ್ದಾಗ ಇದ್ದ ಪೂರ್ವದ ವೇಗವನ್ನು ಕಾಯಿಯು ಬೀಳುವಾಗಲೂ ಬಿಟ್ಟುಕೊಡುವುದಿಲ್ಲ. ಗಿಡುಗವೂ, ಅದು ಹಾರುವ ಗಾಳಿಯೂ ಹಾಗೆಯೇ ಭೂಮಿಯ ವೇಗವನ್ನು ಹೊತ್ತುಕೊಂಡೇ ಇರುತ್ತವೆ.

ಇನ್ನೂ ಸೂಕ್ಷ್ಮವಾಗಿ ಹೇಳುವುದಾದರೆ, ಗಾಳಿಯಿಲ್ಲದ ಕಡೆ ಆ ಕಾಯಿ ನೆಟ್ಟಗೆ ಕೆಳಗಿನ ಬಿಂದುವಿಗಿಂತ ಸುಮಾರು ಎರಡು ಮಿಲಿಮೀಟರಿನಷ್ಟು ಪೂರ್ವಕ್ಕೆ ಬೀಳಬೇಕು, ಏಕೆಂದರೆ ಮರದ ತುದಿಯು ಭೂಮಿಯ ಕೇಂದ್ರದಿಂದ ಬುಡಕ್ಕಿಂತ ದೂರದಲ್ಲಿದ್ದು ತುಸು ಹೆಚ್ಚು ವೇಗವಾಗಿ ಸುತ್ತುತ್ತಿರುತ್ತದೆ. ಭೂಮಿ ತಿರುಗುತ್ತಿರುವುದಕ್ಕೆ ಇದನ್ನೇ ಪುರಾವೆಯಾಗಿ ಹುಡುಕಬಹುದೆಂದು ನ್ಯೂಟನ್ 1679ರಲ್ಲಿ ವಿಜ್ಞಾನಿ ರಾಬರ್ಟ್ ಹುಕ್‌ಗೆ ಬರೆದಿದ್ದನು. ಅದಕ್ಕೂ ಮೊದಲೇ, 1640ರಲ್ಲಿ, ಗಸೆಂಡಿ ಎಂಬ ಫ್ರೆಂಚ್ ವಿದ್ವಾಂಸನು ಮಾರ್ಸೇಲ್ಸ್ ಬಂದರಿನಲ್ಲಿ ವೇಗವಾಗಿ ಸಾಗುವ ಹಡಗಿನ ಕೂವೆಮರದ ತುದಿಯಿಂದ ಕಲ್ಲುಗಳನ್ನು ಬೀಳಿಸಿ, ಅವು ಹಿಂದುಳಿಯದೆ ಕೂವೆಮರದ ಬುಡದಲ್ಲೇ ಬೀಳುವುದನ್ನು ತೋರಿಸಿದ್ದನು. ಈ ಪ್ರಯೋಗವನ್ನು ನಮ್ಮ ಯಾವ ದೋಣಿಯಲ್ಲಾದರೂ, ಕಡಲು ಶಾಂತವಾಗಿರುವ ದಿನ, ಒಂದು ಲಿಂಬೆಹಣ್ಣಿನಿಂದ ಮಾಡಬಹುದು. ಮಕ್ಕಳನ್ನು ಕರೆದೊಯ್ದು ಮಾಡಿಸಬೇಕೆಂಬುದು ನನ್ನ ಆಗ್ರಹ.

ನಾನು ಪಾಠ ಹೇಳುವ ತರಗತಿಯಲ್ಲಿ ಒಮ್ಮೆ ಹುಡುಗಿಯೊಬ್ಬಳು, “ಅಕ್ಕೋರೇ, ಭೂಮಿಯನ್ನು ಯಾರು ದೂಡ್ತಾ ಇದ್ದಾರೆ?” ಎಂದು ಕೇಳಿದಳು. ಅವಳಿಗೆ ತಿಳಿಯದೆಯೇ ಅವಳು ಕೇಳಿದ್ದು ಕೆಪ್ಲರನ ಪ್ರಶ್ನೆಯಾಗಿತ್ತು. ಯಾರೂ ದೂಡುತ್ತಿಲ್ಲವೆಂಬುದೇ ಉತ್ತರ. ಭೂಮಿಯು ಸೂರ್ಯನ ಸುತ್ತ ಸೆಕೆಂಡಿಗೆ ಸುಮಾರು 30 ಕಿಲೋಮೀಟರ್ ವೇಗದಲ್ಲಿ ಸಾಗುತ್ತಿದೆ. ಸೌರವ್ಯೂಹವು ರೂಪುಗೊಂಡಾಗ ಸುತ್ತುತ್ತಿದ್ದ ಅನಿಲ ಮತ್ತು ಧೂಳಿನ ಮೋಡದಿಂದ ಬಂದ ಆ ಓಟವನ್ನು, ತಡೆಯುವ ನೀರಾಗಲಿ ಗಾಳಿಯಾಗಲಿ ದಾರಿಯಲ್ಲಿ ಇಲ್ಲವೆಂಬಷ್ಟು ವಿರಳವಾಗಿರುವುದರಿಂದ, ಸುಮಾರು 450 ಕೋಟಿ ವರ್ಷಗಳಿಂದ ಅದು ಉಳಿಸಿಕೊಂಡು ಬಂದಿದೆ. ಬೈತಖೋಲದ ಟ್ರಾಲರಿಗೆ ಎಂಜಿನ್ ಬಂದಾದ ಮೇಲೆ ಕಡಲೂ ಇಲ್ಲದಂತಾಗಿ, ಧಕ್ಕೆಯೂ ಹಗ್ಗವೂ ಎಂದೂ ಎದುರಾಗದಿದ್ದರೆ ಹೇಗೋ ಹಾಗೆ. 1977ರಲ್ಲಿ ಹಾರಿಸಿದ ವಾಯೇಜರ್ 1 ನೌಕೆಯೂ ಇಂದು ಸೆಕೆಂಡಿಗೆ ಸುಮಾರು 17 ಕಿಲೋಮೀಟರಿನಂತೆ ದೂರ ಸಾಗುತ್ತಿರುವುದು ಯಾವ ಎಂಜಿನ್ನಿನ ದೂಡುವಿಕೆಯಿಂದಲೂ ಅಲ್ಲ.

ಸೂರ್ಯನ ಕೆಲಸ ಬೇರೆ. ಅದು ಭೂಮಿಯನ್ನು ಓಡಿಸುವುದಿಲ್ಲ, ಓಟದ ದಾರಿಯನ್ನು ಬಾಗಿಸುತ್ತದೆ. ಭೂಮಿಯು ಒಂದು ಸೆಕೆಂಡಿನಲ್ಲಿ 30 ಕಿಲೋಮೀಟರ್ ಮುಂದಕ್ಕೆ ಹೋಗುವಷ್ಟರಲ್ಲಿ ನೇರ ಗೆರೆಯಿಂದ ಸೂರ್ಯನ ಕಡೆಗೆ ಸರಿಯುವುದು ಕೇವಲ ಮೂರು ಮಿಲಿಮೀಟರ್. ಚಂದ್ರನ ಲೆಕ್ಕ ಇನ್ನೂ ಸೊಗಸಾದುದು, ಏಕೆಂದರೆ ಅದನ್ನು ತೆಂಗಿನಕಾಯಿಯ ಜೊತೆಗೇ ಇಟ್ಟು ನೋಡಬಹುದು. ಕಾಯಿ ಮೊದಲ ಸೆಕೆಂಡಿನಲ್ಲಿ 4.9 ಮೀಟರ್ ಬೀಳುತ್ತದೆ. ಚಂದ್ರನು ಭೂಮಿಯ ಕೇಂದ್ರದಿಂದ ಕಾಯಿಗಿಂತ ಸುಮಾರು ಅರವತ್ತು ಪಟ್ಟು ದೂರದಲ್ಲಿದ್ದಾನೆ. ಗುರುತ್ವಾಕರ್ಷಣೆಯು ದೂರದ ವರ್ಗಕ್ಕೆ ತಕ್ಕಂತೆ ಕುಗ್ಗುವುದರಿಂದ 4.9 ಮೀಟರನ್ನು 3,600ರಿಂದ ಭಾಗಿಸಬೇಕು. ಬರುವುದು ಸುಮಾರು 1.36 ಮಿಲಿಮೀಟರ್. ಇತ್ತ ಚಂದ್ರನು ಒಂದು ಸೆಕೆಂಡಿಗೆ ಸಾಗುವ ದೂರ ಸುಮಾರು 1,022 ಮೀಟರ್. 3,84,400 ಕಿಲೋಮೀಟರ್ ತ್ರಿಜ್ಯದ ವೃತ್ತವೊಂದರ ಮೇಲೆ ಅಷ್ಟು ದೂರ ನಡೆದರೆ ದಾರಿಯು ನೇರ ಗೆರೆಯಿಂದ ಬಾಗುವುದೂ 1.36 ಮಿಲಿಮೀಟರೇ. ಕಾಯಿ ಬೀಳುವುದೂ ಚಂದ್ರ ಸುತ್ತುವುದೂ ಒಂದೇ ಕ್ರಿಯೆಯೆಂದು ನ್ಯೂಟನ್ನನಿಗೆ ಮನವರಿಕೆಯಾದದ್ದು ಈ ಹೊಂದಿಕೆಯಿಂದ. ಈ ಭಾಗಾಕಾರವನ್ನು ಕಾಗದದ ಮೇಲೆ ತಾನೇ ಮಾಡಿ ನೋಡಿದವರು ಅದನ್ನು ಮರೆಯುವುದಿಲ್ಲ.

ಇಲ್ಲಿ ಒಂದು ತಪ್ಪನ್ನು ತಿದ್ದಲೇಬೇಕು. ಸೂರ್ಯನ ಸೆಳೆತ ಮತ್ತು ಹೊರಕ್ಕೆ ತಳ್ಳುವ ಕೇಂದ್ರಾಪಗಾಮಿ ಬಲ ಎರಡೂ ಸಮತೋಲವಾಗಿರುವುದರಿಂದ ಗ್ರಹಗಳು ಕಕ್ಷೆಯಲ್ಲಿವೆ ಎಂಬ ವಾಕ್ಯವನ್ನು ಬಹಳ ಕಡೆ ಓದುತ್ತೇವೆ. ಹೊರಗಿನಿಂದ ನಿಂತು ನೋಡುವವರ ಲೆಕ್ಕದಲ್ಲಿ ಎರಡು ಬಲಗಳು ನಿಜವಾಗಿಯೂ ಸಮತೋಲವಾಗಿದ್ದರೆ ಒಟ್ಟು ಬಲ ಸೊನ್ನೆಯಾಗಿ, ಗ್ರಹವು ಬಾಗದೆ ನೇರ ಗೆರೆಯಲ್ಲಿ ಹೋಗಿಬಿಡಬೇಕು. ಶಿರಸಿಯಿಂದ ಕುಮಟೆಗೆ ದೇವಿಮನೆ ಘಟ್ಟ ಇಳಿಯುವ ಬಸ್ಸಿನಲ್ಲಿ, ಬಲಕ್ಕೆ ತಿರುಗುವ ಪ್ರತಿ ತಿರುವಿನಲ್ಲೂ ನಾವು ಎಡಗಡೆಯ ಕಿಟಕಿಗೆ ಒತ್ತಿಕೊಳ್ಳುತ್ತೇವೆ. ನಮ್ಮನ್ನು ಎಡಕ್ಕೆ ಯಾರೋ ತಳ್ಳಿದಂತೆ ಅನಿಸುತ್ತದೆ. ರಸ್ತೆಯ ಬದಿಯಲ್ಲಿ ನಿಂತವರಿಗೆ ಕಾಣುವುದೆಂದರೆ ನಮ್ಮ ದೇಹ ಮೊದಲಿನ ನೇರ ದಾರಿಯಲ್ಲೇ ಹೊರಟಿತ್ತು, ಬಸ್ಸು ಬಲಕ್ಕೆ ತಿರುಗಿ ತನ್ನ ಕಿಟಕಿಯನ್ನು ತಂದು ನಮಗೆ ಒತ್ತಿತು ಎಂಬುದು. ಕಿಟಕಿ ನಮಗೆ ಮಾಡುವುದನ್ನೇ ಸೂರ್ಯನ ಗುರುತ್ವಾಕರ್ಷಣೆಯು ಭೂಮಿಗೆ ಮಾಡುತ್ತಿದೆ. ಒಂದೇ ಬಲ, ಒಳಮುಖವಾದದ್ದು, ಉಳಿದದ್ದು ಜಡತ್ವ. ಅದನ್ನು ‘ಜಡತ್ವ ಬಲ’ವೆಂದು ಬರೆಯುವುದನ್ನೂ ಆರಂಭದ ಪಾಠಗಳಲ್ಲಿ ಬಿಡುವುದು ಒಳ್ಳೆಯದು. ನ್ಯೂಟನ್ ತಾನೇ ಹಾಗೆ ಕರೆದಿದ್ದನಾದರೂ, ಅದು ಯಾರೂ ಯಾರ ಮೇಲೂ ಹಾಕುವ ಬಲವಲ್ಲ, ವಸ್ತುವಿನ ಗುಣ.

ಪದವನ್ನೇ ಬದಲಿಸಬೇಕೆ ಎಂದು ಕೇಳಿದವರಿದ್ದಾರೆ. ‘ಜಡತ್ವ’ ಈಗ ಬೇರೂರಿದೆ, ಕಿತ್ತುಹಾಕುವ ಅಗತ್ಯವಿಲ್ಲವೆಂದೇ ನನ್ನ ಅಭಿಪ್ರಾಯ. ಆದರೆ ಪಾಠ ಹೇಳುವಾಗ ನಿಂತ ಬಸ್ಸು ಹೊರಟಾಗ ಹಿಂದಕ್ಕೆ ವಾಲುವ ಪ್ರಯಾಣಿಕನ ಉದಾಹರಣೆಯಿಂದ ತೊಡಗದೆ, ಎಂಜಿನ್ ಬಿಟ್ಟ ಮೇಲೂ ಧಕ್ಕೆಯತ್ತ ಬರುವ ದೋಣಿಯಿಂದ ತೊಡಗಿದರೆ ಹೆಸರಿನ ಕೊರತೆ ಅಲ್ಲಿಯೇ ತುಂಬಿಹೋಗುತ್ತದೆ.

ಭೂಮಿಯು ತನ್ನ ಅಕ್ಷದ ಮೇಲೆ ತಿರುಗುವುದಕ್ಕೂ ಇದೇ ಮಾತು ಸಲ್ಲುತ್ತದೆ. ಅದನ್ನು ತಿರುಗಿಸುತ್ತಿರುವವರಿಲ್ಲ, ತಿರುಗಲು ತೊಡಗಿದ್ದು ತಿರುಗುತ್ತಿದೆ. ಆದರೆ ಈ ಓಟಕ್ಕೆ ಒಂದು ತಡೆಯುಂಟು, ಮತ್ತು ಅದು ನಮ್ಮ ಅಂಗಳದಲ್ಲೇ ಇದೆ. ಚಂದ್ರನ ಸೆಳೆತಕ್ಕೆ ಉಬ್ಬುವ ಕಡಲ ನೀರು ದಿನಕ್ಕೆರಡು ಬಾರಿ ಅಘನಾಶಿನಿಯ ಅಳಿವೆಯಲ್ಲಿ ಒಳನುಗ್ಗಿ, ಉಪ್ಪುನೀರಿನ ಗಜನಿಗದ್ದೆಗಳ ಅಂಚಿನವರೆಗೆ ಏರಿ, ಕೆಸರನ್ನು ತಿಕ್ಕುತ್ತ ಇಳಿಯುತ್ತದೆ. ಜಗತ್ತಿನ ಎಲ್ಲ ಕಡಲುಗಳಲ್ಲಿ ನಡೆಯುವ ಈ ತಿಕ್ಕಾಟವೆಲ್ಲ ಸೇರಿ ಭೂಮಿಯ ತಿರುಗುವಿಕೆಯನ್ನು ನಿಧಾನಗೊಳಿಸುತ್ತಿದೆ: ನೂರು ವರ್ಷಕ್ಕೆ ನಮ್ಮ ಒಂದು ದಿನವು ಸುಮಾರು ಎರಡು ಮಿಲಿಸೆಕೆಂಡಿನಷ್ಟು ಉದ್ದವಾಗುತ್ತಿದೆ, ಮತ್ತು ಭೂಮಿ ಕಳೆದುಕೊಂಡ ತಿರುಗುವಿಕೆಯನ್ನು ಪಡೆದ ಚಂದ್ರನು ವರ್ಷಕ್ಕೆ 3.8 ಸೆಂಟಿಮೀಟರಿನಂತೆ ನಮ್ಮಿಂದ ದೂರ ಸರಿಯುತ್ತಿದ್ದಾನೆ.