ವಿಳಾಸ ಒಂದೇ, ದುಡ್ಡು ಮಾತ್ರ ಯಾಕೆ ಬೇರೆ ಬೇರೆ?

ಪ್ರಶ್ನೆ: ನನ್ನ ಹತ್ರ ಅರ್ಬಿಟ್ರಮ್‌ನಲ್ಲಿ 200 ಯುಎಸ್‌ಡಿಸಿ, ಅಂದರೆ ಒಂದಕ್ಕೆ ಒಂದು ಡಾಲರ್ ಬೆಲೆಯ 200 ಟೋಕನ್ ಇದೆ. ಬೇಸ್‌ನಲ್ಲಿರುವ ಒಂದು ಆ್ಯಪ್ ತೆರೆದರೆ ‘ಬ್ಯಾಲೆನ್ಸ್ ಸಾಲದು’ ಅನ್ನುತ್ತೆ. ಎರಡೂ ಎಥೀರಿಯಂ ಮೇಲೇ ನಿಂತಿವೆ, ವಾಲೆಟ್ ವಿಳಾಸವೂ ಒಂದೇ. ಇದನ್ನೆಲ್ಲ ಒಂದು ಮಾಡೋಕೆ ಆಗಲ್ವಾ?

ಮೊದಲು ವಿಳಾಸದ ಗೊಂದಲ ಬಿಡಿಸೋಣ. ವಾಲೆಟ್ ಒಳಗೆ ದುಡ್ಡು ಇರುವುದಿಲ್ಲ, ಕೀಲಿ ಇರುತ್ತದೆ. ಆ ಕೀಲಿಯಿಂದ ಹುಟ್ಟುವ ವಿಳಾಸ ಎಥೀರಿಯಂ, ಅರ್ಬಿಟ್ರಮ್, ಬೇಸ್ ಎಂಬ ಮೂರು ಬ್ಲಾಕ್‌ಚೈನ್ ಜಾಲಗಳಲ್ಲೂ ಒಂದೇ. ಲೆಕ್ಕದ ಪುಸ್ತಕ ಮಾತ್ರ ಒಂದೊಂದಕ್ಕೂ ಬೇರೆ. ಒಂದೇ ಹೆಸರು, ಒಂದೇ ಸಹಿಯಲ್ಲಿ ನೀವು ಎರಡು ಬ್ಯಾಂಕಿನಲ್ಲಿ ಖಾತೆ ತೆರೆದ ಹಾಗೆ. ಒಂದರ ಪಾಸ್‌ಬುಕ್ ತೋರಿಸಿ ಇನ್ನೊಂದರ ಕೌಂಟರ್‌ನಲ್ಲಿ ಹಣ ಕೇಳಿದರೆ ಯಾರು ಕೊಡುತ್ತಾರೆ?

ಇಷ್ಟೊಂದು ಪುಸ್ತಕ ಹುಟ್ಟಿದ್ದು ಬೇಕೆಂದೇ. ಎಥೀರಿಯಂನಲ್ಲಿ ಜನ ಜಾಸ್ತಿಯಾದಾಗ ಒಂದು ಸಣ್ಣ ವಹಿವಾಟಿಗೂ ಸಾವಿರಾರು ರೂಪಾಯಿ ಶುಲ್ಕ ತೆರಬೇಕಾದ ದಿನಗಳಿದ್ದವು. ವ್ಯವಹಾರ ಪಕ್ಕದ ಜಾಲಗಳಲ್ಲಿ ನಡೆಯಲಿ, ಅದರ ಕಟ್ಟು ಮಾತ್ರ ಎಥೀರಿಯಂಗೆ ಬಂದು ಬೀಳಲಿ ಎಂದು 2020ರ ಅಕ್ಟೋಬರ್‌ನಲ್ಲಿ ಎಥೀರಿಯಂ ಹುಟ್ಟುಹಾಕಿದವರಲ್ಲೊಬ್ಬರಾದ ವಿಟಾಲಿಕ್ ಬುಟೆರಿನ್ ಬರೆದರು. ಇಂಥ ಜಾಲಗಳಿಗೆ ರೋಲಪ್ ಎಂದು ಹೆಸರು. 2021ರಲ್ಲಿ ಅರ್ಬಿಟ್ರಮ್, ಆಪ್ಟಿಮಿಸಂ ಎಲ್ಲರಿಗೂ ತೆರೆದುಕೊಂಡವು. 2023ರ ಆಗಸ್ಟ್‌ನಲ್ಲಿ ಬೇಸ್ ಬಂತು. 2024ರ ಮಾರ್ಚ್ 13ರಂದು ಎಥೀರಿಯಂಗೆ ಡೆನ್‌ಕುನ್ ಎಂಬ ಅಪ್‌ಗ್ರೇಡ್ ಆದಮೇಲೆ ರೋಲಪ್‌ಗಳ ಶುಲ್ಕ ಪಾತಾಳಕ್ಕಿಳಿಯಿತು. ಹೊಸ ರೋಲಪ್ ನಡೆಸುವುದೂ ಅಗ್ಗವಾಯಿತು. ಆಮೇಲೆ ಕೇಳಬೇಕೆ, ಮಳೆ ಬಿದ್ದ ಮರುದಿನದ ಅಣಬೆ.

ಹಣ ಹತ್ತು ಕಡೆ ಹಂಚಿಹೋದರೆ ನಷ್ಟ ಏನು? ಇದನ್ನು ಒಂದು ಲೆಕ್ಕ ಹಾಕಿಯೇ ನೋಡಬೇಕು. ಲಿಕ್ವಿಡಿಟಿ ಅಂದರೆ ನೀವು ಕೊಳ್ಳಲು ಅಥವಾ ಮಾರಲು ಹೋದಾಗ ಎದುರು ಸಿದ್ಧವಾಗಿ ಕೂತಿರುವ ಹಣ. ಟೋಕನ್ ಬದಲಾಯಿಸಿಕೊಡುವ ಯೂನಿಸ್ವಾಪ್‌ನಂಥ ಕಡೆ ಆ ಹಣ ಒಂದು ಕೊಳದಲ್ಲಿರುತ್ತದೆ. ಕೊಳದಲ್ಲಿ 1,000 ಈಥರ್ (ಎಥೀರಿಯಂನ ನಾಣ್ಯ), 30 ಲಕ್ಷ ಡಾಲರ್ ಇದೆ ಅಂದುಕೊಳ್ಳಿ. ಒಂದು ಈಥರ್‌ಗೆ 3,000 ಡಾಲರ್ ಆಯಿತು. ನಿಯಮ ಇಷ್ಟೇ: ಎರಡೂ ಸಂಖ್ಯೆಗಳ ಗುಣಲಬ್ಧ ಬದಲಾಗಬಾರದು. ನೀವು 10 ಈಥರ್ ಎತ್ತಿಕೊಂಡರೆ ಉಳಿಯುವುದು 990. ಗುಣಲಬ್ಧ ಸರಿಹೋಗಬೇಕಾದರೆ ನೀವು ಸುಮಾರು 30,303 ಡಾಲರ್ ಹಾಕಬೇಕು. ಅಂದರೆ 303 ಡಾಲರ್ ಮೇಲೆ ಹೋಯಿತು.

ಈಗ ಅದೇ ಕೊಳವನ್ನು ಹತ್ತು ಜಾಲಗಳಿಗೆ ಹಂಚಿ. ಒಂದೊಂದರಲ್ಲಿ 100 ಈಥರ್, 3 ಲಕ್ಷ ಡಾಲರ್. ಒಂದು ಕೊಳದಿಂದ 10 ಈಥರ್ ಎತ್ತಿದರೆ ಹಾಕಬೇಕಾದದ್ದು ಸುಮಾರು 33,333 ಡಾಲರ್. ಮೇಲೆ ಹೋದದ್ದು 3,333! ಒಟ್ಟು ಹಣದಲ್ಲಿ ಒಂದು ಡಾಲರ್ ಕೂಡ ಕಡಿಮೆಯಾಗಿಲ್ಲ. ಹಂಚಿದ್ದಕ್ಕೇ ನಿಮ್ಮ ನಷ್ಟ ಹನ್ನೊಂದು ಪಟ್ಟಾಯಿತು. ಹೊಸ ಬಗೆಯ ಕೊಳಗಳಲ್ಲಿ ಲೆಕ್ಕ ಇಷ್ಟು ಸರಳವಲ್ಲ, ಆದರೆ ಪೆಟ್ಟು ಬೀಳುವ ಜಾಗ ಇದೇ.

ಸರಿ, ದುಡ್ಡನ್ನು ಒಂದು ಕಡೆಯಿಂದ ಇನ್ನೊಂದು ಕಡೆ ಹೊತ್ತುಕೊಂಡು ಹೋದರಾಯಿತಲ್ಲ? ಹೋಗಬಹುದು. ಆದರೆ ಅರ್ಬಿಟ್ರಮ್, ಬೇಸ್ ಎರಡೂ ಆಪ್ಟಿಮಿಸ್ಟಿಕ್ ರೋಲಪ್. ಅವು ಕೊಟ್ಟ ಲೆಕ್ಕ ಸರಿ ಎಂದೇ ಎಥೀರಿಯಂ ಹಿಡಿದುಕೊಳ್ಳುತ್ತದೆ, ಜೊತೆಗೆ ತಪ್ಪು ಹಿಡಿಯುವವರಿಗೆ ಸುಮಾರು 7 ದಿನ ಗಡುವು ಕೊಡುತ್ತದೆ. ಜಾಲದಿಂದ ಜಾಲಕ್ಕೆ ಹಣ ದಾಟಿಸುವ ವ್ಯವಸ್ಥೆಗೆ ಬ್ರಿಡ್ಜ್ ಎನ್ನುತ್ತಾರೆ. ಹಾಗಾಗಿ ಅಧಿಕೃತ ಬ್ರಿಡ್ಜ್‌ನಲ್ಲಿ ಹಣ ಎಥೀರಿಯಂಗೆ ವಾಪಸ್ ತೆಗೆದರೆ ವಾರ ಕಾಯಬೇಕು. ಝಡ್‌ಕೆ ಎಂಬ ಇನ್ನೊಂದು ಬಗೆಯ ರೋಲಪ್‌ಗಳು ಲೆಕ್ಕದ ಜೊತೆ ಗಣಿತದ ಪುರಾವೆಯನ್ನೂ ಕೊಡುವುದರಿಂದ ಅಲ್ಲಿ ಕಾಯುವುದು ಕಡಿಮೆ.

ನಿಮ್ಮ ಪ್ರಶ್ನೆಯ ಗಂಟು ಇರುವುದೇ ಈ ಕಾಯುವಿಕೆಯಲ್ಲಿ. ಯುಪಿಐ ನೋಡಿ. ನೀವು ಸ್ಕ್ಯಾನ್ ಮಾಡಿದ ಕೂಡಲೇ ತರಕಾರಿ ಅಂಗಡಿಯ ಸ್ಪೀಕರ್ ಕೂಗುತ್ತದೆ. ಬ್ಯಾಂಕ್‌ಗಳ ನಡುವಿನ ಲೆಕ್ಕ ಚುಕ್ತಾ ಆಗುವುದು ಆಮೇಲೆ, ಕಂತು ಕಂತಾಗಿ. ಆ ನಡುವಿನ ಹೊತ್ತಿನಲ್ಲಿ ಯಾರೂ ಕೈ ಎತ್ತುವುದಿಲ್ಲ ಅನ್ನುವ ಧೈರ್ಯಕ್ಕೆ ಯುಪಿಐ ನಡೆಸುವ ಎನ್‌ಪಿಸಿಐ ಇದೆ, ಅದರ ಮೇಲೆ ರಿಸರ್ವ್ ಬ್ಯಾಂಕ್ ಇದೆ. ರೋಲಪ್‌ಗಳ ನಡುವೆ ಅಂಥ ಯಜಮಾನರಿಲ್ಲ. ಹಾಗಾದರೆ ಆ ಹೊತ್ತಿನ ಅಪಾಯವನ್ನು ಯಾರು ಹೊರಬೇಕು? ‘ಒಂದು ಮಾಡ್ತೀವಿ’ ಅನ್ನುವ ಪ್ರತಿ ಯೋಜನೆಗೂ ಈ ಪ್ರಶ್ನೆ ಕೇಳಿ. ಜಾಹೀರಾತಿನ ಮಾತು ಅಲ್ಲಿಗೆ ನಿಲ್ಲುತ್ತದೆ.

ಒಂದು ಉತ್ತರ ನಮ್ಮ ಹಳೇ ವ್ಯಾಪಾರಿಗಳ ಹುಂಡಿ ಚೀಟಿಯಂಥದ್ದು. ಅಕ್ರಾಸ್ ಎಂಬ ಬ್ರಿಡ್ಜ್‌ನಲ್ಲಿ ನೀವು ಅರ್ಬಿಟ್ರಮ್‌ನಲ್ಲಿ ಹಣ ಕಟ್ಟಿ ‘ಬೇಸ್‌ನಲ್ಲಿ ಇಷ್ಟು ಕೊಡಿ’ ಅನ್ನುತ್ತೀರಿ. ರಿಲೇಯರ್ ಎಂಬ ವ್ಯಾಪಾರಿ ಬೇಸ್‌ನಲ್ಲಿ ತನ್ನ ಜೇಬಿನಿಂದಲೇ ಕೊಡುತ್ತಾನೆ. ಬಹಳಷ್ಟು ಸಲ ಸೆಕೆಂಡುಗಳ ಕೆಲಸ. ಲೆಕ್ಕ ಪರಿಶೀಲನೆಯಾದ ಮೇಲೆ ಅವನಿಗೆ ಹಣ ಬರುತ್ತದೆ, ಅಲ್ಲಿಯವರೆಗೆ ಕಾಯುವುದು ಅವನ ಪಾಲು. ಅದಕ್ಕೇ ಶುಲ್ಕ. ಹೀಗೆ ‘ನನಗೆ ಇದು ಬೇಕು’ ಎಂದು ಬರೆದುಕೊಡುವ ಚೀಟಿಗೆ ಇಂಟೆಂಟ್ ಎನ್ನುತ್ತಾರೆ. ಎಲ್ಲರ ಚೀಟಿಯೂ ಒಂದೇ ನಮೂನೆಯಲ್ಲಿರಲಿ ಎಂದು 2024ರಲ್ಲಿ ಯೂನಿಸ್ವಾಪ್ ಲ್ಯಾಬ್ಸ್ ಮತ್ತು ಅಕ್ರಾಸ್ ಸೇರಿ ಇಆರ್‌ಸಿ-7683 ಎಂಬ ನಮೂನೆ ಮುಂದಿಟ್ಟವು. ನನಗೆ ಈ ದಾರಿ ಇಷ್ಟ, ಆದರೆ ಒಂದು ಮಾತು. ಇಲ್ಲಿ ಚೂರುಗಳು ಸೇರಿಲ್ಲ. ಚೂರುಗಳ ತಲೆನೋವು ನಿಮ್ಮಿಂದ ವ್ಯಾಪಾರಿಗೆ ದಾಟಿದೆ, ಅಷ್ಟೇ. ಹತ್ತು ಜಾಲದಲ್ಲಿ ಹಣ ಇಟ್ಟುಕೊಂಡು ಕೂರಬೇಕಾದವನು ಈಗ ಅವನು. ನೀವು ದೊಡ್ಡ ಮೊತ್ತ ಕೇಳಿದರೆ ಅವನ ಜೇಬೂ ಖಾಲಿ.

ಎರಡನೇ ಉತ್ತರ ಯುಎಸ್‌ಡಿಸಿ ಹೊರಡಿಸುವ ಸರ್ಕಲ್ ಕಂಪನಿಯದು. 2023ರ ಏಪ್ರಿಲ್‌ನಲ್ಲಿ ಶುರುವಾದ ಸಿಸಿಟಿಪಿ ಎಂಬ ಅದರ ವ್ಯವಸ್ಥೆಯಲ್ಲಿ ಒಂದು ಜಾಲದ ಯುಎಸ್‌ಡಿಸಿಯನ್ನು ಸುಟ್ಟು, ಇನ್ನೊಂದರಲ್ಲಿ ಅಷ್ಟೇ ಹೊಸದಾಗಿ ಟಂಕಿಸುತ್ತಾರೆ. ಕೊಳವೂ ಬೇಡ, ಕೊಳ ಸಣ್ಣದೆಂದು ಮೇಲೆ ಹೋಗುವ ಹಣವೂ ಇಲ್ಲ. ಆದರೆ ಸುಟ್ಟದ್ದು ನಿಜ ಎಂದು ಸಹಿ ಹಾಕುವುದು ಒಂದೇ ಕಂಪನಿ. ಯುಎಸ್‌ಡಿಸಿ ಇಟ್ಟುಕೊಂಡವರು ಆ ಕಂಪನಿಯನ್ನು ಹೇಗೂ ನಂಬಿದ್ದಾರೆ. ಹಾಗಾಗಿ ಇದರಲ್ಲಿ ಹೊಸ ಅಪಾಯ ತೀರಾ ಜಾಸ್ತಿಯೇನಿಲ್ಲ.

ಮೂರನೆಯದು ಬುಡದಲ್ಲೇ ಜೋಡಿಸುವುದು. ಪಾಲಿಗಾನ್‌ನ ಆಗ್‌ಲೇಯರ್ ತನ್ನಲ್ಲಿ ಸೇರಿದ ಎಲ್ಲ ಜಾಲಗಳಿಗೂ ಒಂದೇ ಬ್ರಿಡ್ಜ್ ಕೊಡುತ್ತದೆ. 2017ರಲ್ಲಿ ಜಯಂತಿ ಕನಾನಿ, ಸಂದೀಪ್ ನೈಲ್ವಾಲ್, ಅನುರಾಗ್ ಅರ್ಜುನ್ ಶುರು ಮಾಡಿದ ಮ್ಯಾಟಿಕ್ ಇದೆಯಲ್ಲ, ಅದೇ ಪಾಲಿಗಾನ್. ಅವರ ಸೂತ್ರಕ್ಕೆ ‘ಪೆಸಿಮಿಸ್ಟಿಕ್ ಪ್ರೂಫ್’ ಎಂದು ಹೆಸರು: ಎಲ್ಲರನ್ನೂ ಅನುಮಾನಿಸು, ಯಾವ ಜಾಲವೂ ತನಗೆ ಬಂದದ್ದಕ್ಕಿಂತ ಹೆಚ್ಚು ತೆಗೆಯದಂತೆ ನೋಡಿಕೋ. ಒಂದು ಜಾಲ ಮುಳುಗಿದರೂ ಪಕ್ಕದವರ ಹಣ ಉಳಿಯಲಿ ಅನ್ನುವ ಲೆಕ್ಕಾಚಾರ. ಆಪ್ಟಿಮಿಸಂನವರದು ಸೂಪರ್‌ಚೈನ್ ಎಂಬ ಬೇರೆಯೇ ಬಳಗ. ಒಗ್ಗೂಡಿಸುವವರೇ ಎರಡು ಮೂರು ಪಂಗಡವಾದರೆ ನಗಬೇಕೋ ಅಳಬೇಕೋ ಗೊತ್ತಾಗುವುದಿಲ್ಲ.

ಜೋಡಿಸುವ ಜಾಗ ಮುರಿದರೆ ಏನಾಗುತ್ತದೆ ಎಂಬುದಕ್ಕೆ 2022ರ ಮಾರ್ಚ್‌ನಲ್ಲಿ ರೋನಿನ್ ಎಂಬ ಜಾಲದಲ್ಲಿ ನಡೆದ ಕಳ್ಳತನ ಸಾಕು. ಆಗ ಅದು ರೋಲಪ್ ಆಗಿರಲಿಲ್ಲ, ಸೈಡ್‌ಚೈನ್, ಅಂದರೆ ತನ್ನದೇ ಕಾವಲುಗಾರರನ್ನು ನಂಬಿ ನಡೆಯುವ ಜಾಲವಾಗಿತ್ತು. ಅದರ ಬ್ರಿಡ್ಜ್‌ಗೆ 9 ಕಾವಲುಗಾರರಿದ್ದರು, ಹಣ ಬಿಡಲು 5 ಸಹಿ ಸಾಕಿತ್ತು. ಕಳ್ಳರಿಗೆ ಆ ಐದೂ ಕೀಲಿ ಸಿಕ್ಕವು. 1,73,600 ಈಥರ್, 2.55 ಕೋಟಿ ಯುಎಸ್‌ಡಿಸಿ ಹೋಯಿತು. ಕಳ್ಳತನ ಗೊತ್ತಾಗಿದ್ದು ಆರು ದಿನದ ಮೇಲೆ.

ನನ್ನದೂ ಒಂದು ಪೆದ್ದು ಕತೆ ಇದೆ. ಅರ್ಬಿಟ್ರಮ್‌ಗೆ ಸರ್ಕಲ್‌ನ ಸ್ವಂತ ಯುಎಸ್‌ಡಿಸಿ ಬಂದದ್ದು 2023ರ ಜೂನ್‌ನಲ್ಲಿ. ಅದಕ್ಕೂ ಮೊದಲು ಬ್ರಿಡ್ಜ್‌ನಿಂದ ಬಂದದ್ದಕ್ಕೆ ಈಗ ಯುಎಸ್‌ಡಿಸಿ.ಇ ಎಂದು ಹೆಸರು. ಒಂದೇ ಡಾಲರ್, ಒಂದೇ ಜಾಲ, ಎರಡು ಟೋಕನ್. ನಾನು ಆ ‘.ಇ’ ಗಮನಿಸದೆ ಒಂದು ಎಕ್ಸ್‌ಚೇಂಜ್‌ಗೆ ಕಳಿಸಿಬಿಟ್ಟೆ. ಅವರು ತೆಗೆದುಕೊಳ್ಳುತ್ತಿದ್ದದ್ದು ಸ್ವಂತದ್ದನ್ನು ಮಾತ್ರ. ಮೂರು ವಾರ ಸುಮ್ನೆ ಮೇಲ್ ಬರೆದದ್ದೇ ಬರೆದದ್ದು.

ಈಗ ನಿಮ್ಮ 200ಕ್ಕೆ ಬರೋಣ. ಮೊದಲು ಅದು ಯುಎಸ್‌ಡಿಸಿಯೋ, ಯುಎಸ್‌ಡಿಸಿ.ಇಯೋ ನೋಡಿ. ಮೊದಲನೆಯದಾದರೆ ಸಿಸಿಟಿಪಿ ಬಳಸುವ ಬ್ರಿಡ್ಜ್ ಸಾಕು, ಅವಸರವಿದ್ದರೆ ರಿಲೇಯರ್ ದಾರಿ. ಎರಡನೆಯದಾದರೆ ಮೊದಲು ಬದಲಾಯಿಸಿಕೊಳ್ಳಬೇಕು. ಒಂದು ಟೋಕನ್ ಕೊಟ್ಟು ಇನ್ನೊಂದು ಪಡೆಯುವುದೂ ನಮ್ಮ ತೆರಿಗೆ ಇಲಾಖೆಯ ಲೆಕ್ಕದಲ್ಲಿ ವರ್ಗಾವಣೆಯೇ, ಬರೆದಿಟ್ಟುಕೊಳ್ಳಿ. ಬೇಸ್‌ನಲ್ಲಿ ಶುಲ್ಕಕ್ಕೆ ಚೂರು ಈಥರ್ ಇದೆಯಾ ನೋಡಿ, ಇಲ್ಲದಿದ್ದರೆ ದಾಟಿದ ಹಣ ಅಲ್ಲೇ ಕಟ್ಟಿಹಾಕಿದ ಹಾಗೆ ಕೂರುತ್ತದೆ. ಮೊದಲು 5 ಡಾಲರ್ ಕಳಿಸಿ ನೋಡಿ. ಅದು ತಲುಪಿದ ಮೇಲೆ ಉಳಿದ 195.