ಗುಂಡು ನಡುವಿನ ಗ್ರಾನಿ ಸ್ಕ್ವೇರ್: ಚೌಕ ಮಾಡಲು ಹೋದರೆ ದೊನ್ನೆಯಾಗುವುದೇಕೆ?

ಓದುಗರ ಪ್ರಶ್ನೆ: ನಡುವೆ ಗುಂಡಗಿರುವ ಗ್ರಾನಿ ಸ್ಕ್ವೇರ್ (ಕ್ರೋಶಾ ಕಡ್ಡಿಯಿಂದ ನಡುವಿನಿಂದ ಹೊರಕ್ಕೆ ಸುತ್ತು ಸುತ್ತಾಗಿ ಹೆಣೆಯುವ ಚೌಕ) ಹಾಕುತ್ತಿದ್ದೇನೆ. ಮೊದಲ ಮೂರು ಸುತ್ತು ಚೆನ್ನಾಗಿ ಬರುತ್ತವೆ. ನಾಲ್ಕನೇ ಸುತ್ತಿನಲ್ಲಿ ಚೌಕ ಮಾಡಲು ಹೋದರೆ ಬದಿಗಳು ಹೊರಗೆ ಉಬ್ಬುತ್ತವೆ, ಮೂಲೆಗಳು ದೊನ್ನೆಯ ಹಾಗೆ ಮೇಲೇಳುತ್ತವೆ. ಎಣಿಕೆ ಸರಿಯಾಗಿಯೇ ಇದೆ. ತಪ್ಪು ಎಲ್ಲಿ?

ಉತ್ತರ: ಎಣಿಕೆ ಸರಿ ಇದ್ದೂ ಹೀಗಾಗುತ್ತಿದ್ದರೆ ತಪ್ಪು ಕಂಬಗಳ, ಅಂದರೆ ಕಡ್ಡಿಯಿಂದ ಹಾಕುವ ನಿಂತ ಹೆಣಿಗೆಗಳ, ಎತ್ತರದಲ್ಲಿದೆ.

ಒಂದು ಜೋಳದ ರೊಟ್ಟಿಯನ್ನು ಅದರಷ್ಟೇ ಅಗಲದ ಚೌಕ ಡಬ್ಬಿಯಲ್ಲಿ ಇಟ್ಟಿದ್ದೀರಿ ಅಂದುಕೊಳ್ಳಿ. ನಾಲ್ಕೂ ಬದಿಗಳ ನಡುವೆ ರೊಟ್ಟಿ ಡಬ್ಬಿಗೆ ತಾಗುತ್ತದೆ. ಅಲ್ಲಿ ತುಂಬಲು ಜಾಗವೇ ಇಲ್ಲ. ಖಾಲಿ ಇರುವುದು ನಾಲ್ಕು ಮೂಲೆ ಮಾತ್ರ. ರೊಟ್ಟಿ 20 ಸೆಂಟಿಮೀಟರ್ ಅಗಲ ಇದ್ದರೆ, ನಡುವಿನಿಂದ ಬದಿಗೆ 10 ಸೆಂಟಿಮೀಟರ್, ಮೂಲೆಗೆ ಸುಮಾರು 14. ಅಂದರೆ ಮೂಲೆಯಲ್ಲಿ 4 ಸೆಂಟಿಮೀಟರ್ ತುಂಬಬೇಕು, ಬದಿಯ ನಡುವೆ ಸೊನ್ನೆ. ನೀವು ಸುತ್ತಲೂ ಒಂದೇ ಎತ್ತರದ ಕಂಬ ಹಾಕಿದರೆ ಬೇಡದ ಕಡೆ ಜಾಸ್ತಿ ಬೀಳುತ್ತದೆ, ಬೇಕಾದ ಕಡೆ ಸಾಲುವುದಿಲ್ಲ. ಬದಿ ಉಬ್ಬುವುದು ಅದಕ್ಕೇ. ಮೂಲೆಗೆ ದಾರ ಸಾಲದೆ ಅದು ಒಳಕ್ಕೆ ಎಳೆದುಕೊಂಡು ಮೇಲೇಳುತ್ತದೆ.

ನಮ್ಮಲ್ಲಿ ಈ ತೊಡಕು ತುಂಬಾ ಜನರಿಗೆ ಬರುತ್ತದೆ. ಅದಕ್ಕೆ ಕಾರಣವೂ ಇದೆ. ಕರ್ನಾಟಕದಲ್ಲಿ ಅನೇಕರು ಕ್ರೋಶಾ ಕಡ್ಡಿ ಹಿಡಿಯುವುದೇ ಸೀರೆಗೆ ಕುಚ್ಚು ಹಾಕಲು. ಕುಚ್ಚಿನ ಕೆಲಸ ಸೆರಗಿನ ಅಂಚಿನುದ್ದಕ್ಕೂ ನೇರ ಸಾಲಿನಲ್ಲಿ ಸಾಗುತ್ತದೆ. ಚೈನು (ಸರಪಳಿಯಂಥ ಕುಣಿಕೆ), ಕಂಬ, ಮಣಿ, ಮತ್ತೆ ಚೈನು. ಅಲ್ಲಿ ಕೈ ಪಳಗಿರುತ್ತದೆ, ಆದರೆ ಸುತ್ತು ದೊಡ್ಡದಾಗುತ್ತಾ ಹೋಗುವಾಗ ಎಲ್ಲಿ ಎಷ್ಟು ಹೆಚ್ಚಿಸಬೇಕು ಎಂಬ ಪ್ರಶ್ನೆ ಅಲ್ಲಿ ಬರುವುದೇ ಇಲ್ಲ. ಉಲ್ಲನ್ ಹಿಡಿದು ಗುಂಡಗೆ ಹಾಕಲು ಕೂತಾಗಲೇ ಅದು ಎದುರಾಗುವುದು.

ಹಳೆಯ ಮಾದರಿಯ ಗ್ರಾನಿ ಸ್ಕ್ವೇರಿನಲ್ಲೂ ಈ ತೊಂದರೆ ಇಲ್ಲ. 1885ರಲ್ಲೇ ಅಮೆರಿಕದ ಪ್ರೇರಿ ಫಾರ್ಮರ್ ಪತ್ರಿಕೆಯಲ್ಲಿ ಅಚ್ಚಾದ ಚೌಕ ಇದು. ಈಗ ಎಲ್ಲರೂ ಹಾಕುವ ರೀತಿಯಲ್ಲಿ ಮೊದಲ ಸುತ್ತಿನಲ್ಲೇ ಮೂರು ಮೂರು ಕಂಬಗಳ ನಾಲ್ಕು ಗುಂಪು, ನಡುನಡುವೆ ಚೈನು. ಅಲ್ಲಿಗೆ ನಾಲ್ಕು ಮೂಲೆ ಹುಟ್ಟಿಯಾಯಿತು. ಗುಂಡು ನಡುವಿನ ಚೌಕಕ್ಕೆ ಹುಟ್ಟುವಾಗ ಮೂಲೆ ಇರುವುದಿಲ್ಲ. ನಾವು ಆಮೇಲೆ ಕೊಡಬೇಕು.

ಹೇಗೆ ಕೊಡುವುದು ಎನ್ನುವ ಮುಂಚೆ ಹೆಸರುಗಳನ್ನು ಗೊತ್ತು ಮಾಡಿಕೊಳ್ಳೋಣ. ಡಬಲ್ ಕ್ರೋಶಾವನ್ನು ಇಲ್ಲಿ ಕಂಬ ಎನ್ನುತ್ತೇನೆ. ಸಿಂಗಲ್ ಕ್ರೋಶಾ ಗಿಡ್ಡ ಕಂಬ, ಹಾಫ್ ಡಬಲ್ ಅರ್ಧ ಕಂಬ, ಟ್ರೆಬಲ್ ಉದ್ದ ಕಂಬ. ಇವೆಲ್ಲ ಅಮೆರಿಕದ ಹೆಸರುಗಳು. ಇಂಗ್ಲೆಂಡಿನ ಪುಸ್ತಕ ಹಿಡಿದಿದ್ದರೆ ಜೋಪಾನ. ಅವರು ಡಬಲ್ ಎನ್ನುವುದು ನಮ್ಮ ಗಿಡ್ಡ ಕಂಬಕ್ಕೆ, ಟ್ರೆಬಲ್ ಎನ್ನುವುದು ನಮ್ಮ ಮಾಮೂಲಿ ಕಂಬಕ್ಕೆ. ಅವರ ಲೆಕ್ಕಕ್ಕೆ ನಮ್ಮ ಎತ್ತರದ ಕಂಬ ಹಾಕಿದರೆ ನಡುವಿನ ವೃತ್ತವೇ ದೊನ್ನೆಯಾಗುತ್ತದೆ.

ಆದ್ದರಿಂದ ಮೊದಲು ವೃತ್ತವನ್ನು ಮೇಜಿನ ಮೇಲೆ ಇಟ್ಟು ನೋಡಿ. ಚಪ್ಪಟೆಯಾಗಿ ಕೂತಿತೇ? ಅಂಚು ಮೇಲೆದ್ದರೆ ಕಂಬ ಕಡಿಮೆ, ನೆರಿಗೆಯಾದರೆ ಜಾಸ್ತಿ. ಡಬಲ್ ಕ್ರೋಶಾಕ್ಕೆ ಲೆಕ್ಕ ಮೊದಲ ಸುತ್ತಿಗೆ 12, ಎರಡನೆಯದಕ್ಕೆ 24, ಮೂರನೆಯದಕ್ಕೆ 36, ಅಂದರೆ ಸುತ್ತಿಗೆ 12 ಹೆಚ್ಚು. ಈ 12 ಎಲ್ಲಿಂದ ಬಂತು? ಒಂದು ಕಂಬದ ಎತ್ತರ ಅದರ ಅಗಲದ ಸುಮಾರು ಎರಡರಷ್ಟು. ಒಂದು ಸುತ್ತು ಹಾಕಿದಾಗ ವೃತ್ತದ ಸುತ್ತಳತೆ ಆ ಎತ್ತರದ 6.28 ಪಟ್ಟು ಬೆಳೆಯುತ್ತದೆ. ಎರಡನ್ನೂ ಗುಣಿಸಿದರೆ 12ಕ್ಕಿಂತ ಚೂರು ಹೆಚ್ಚು. ಗಿಡ್ಡ ಕಂಬದ ಎತ್ತರ ಮತ್ತು ಅಗಲ ಹೆಚ್ಚುಕಡಿಮೆ ಒಂದೇ, ಅದಕ್ಕೆ ಅಲ್ಲಿ 6 ಸಾಕು. ಈ ಲೆಕ್ಕ ನನಗೆ ತಿಳಿದ ದಿನ ಎಷ್ಟು ಖುಷಿಯಾಯಿತೆಂದರೆ, ಅವತ್ತು ಸಂಜೆ ಸುಮ್ನೆ ವೃತ್ತಗಳನ್ನೇ ಹಾಕುತ್ತಾ ಕೂತಿದ್ದೆ.

ಈಗ ನಾಲ್ಕನೇ ಸುತ್ತು. ನಿಮ್ಮ ಬಳಿ 36 ಕಂಬಗಳ ವೃತ್ತ ಇದೆ. ನಾಲ್ಕು ಭಾಗ ಮಾಡಿದರೆ ಒಂದೊಂದು ಬದಿಗೆ 9. ಬೇರೆ ಬಣ್ಣದ ದಾರದ ತುಂಡುಗಳನ್ನು 5, 14, 23, 32ನೇ ಕಂಬಗಳಿಗೆ ಕಟ್ಟಿ. ಅವೇ ನಿಮ್ಮ ಮೂಲೆಗಳು. ಸುತ್ತು ಶುರುವಾಗುವ ಜಾಗ ಹೀಗೆ ಬದಿಯ ನಡುವೆ ಬೀಳುತ್ತದೆ. ಅಲ್ಲಿ ಒಂದೇ ಚೈನು ಹಾಕಿ ಗಿಡ್ಡ ಕಂಬದಿಂದ ಶುರು ಮಾಡಬಹುದು, ಜೋಡಿಸಿದ ಗುರುತು ಅಷ್ಟಾಗಿ ಕಾಣುವುದಿಲ್ಲ. ಮೂಲೆಯಲ್ಲೇ ಶುರು ಮಾಡುವವರೂ ಇದ್ದಾರೆ. ನನಗೆ ಅದು ಇಷ್ಟವಿಲ್ಲ, ಒಂದು ಮೂಲೆ ಮಾತ್ರ ಬೇರೆ ಥರ ಕಾಣುತ್ತದೆ.

1 ಮತ್ತು 2ನೇ ಕಂಬದ ಮೇಲೆ ಗಿಡ್ಡ ಕಂಬ. 3ರ ಮೇಲೆ ಅರ್ಧ ಕಂಬ. 4ರ ಮೇಲೆ ಕಂಬ. 5ನೆಯದು ಮೂಲೆ: ಅದೊಂದರಲ್ಲೇ ಎರಡು ಉದ್ದ ಕಂಬ, ಎರಡು ಚೈನು, ಮತ್ತೆ ಎರಡು ಉದ್ದ ಕಂಬ. ಆಮೇಲೆ ಇಳಿಯುತ್ತಾ ಬನ್ನಿ. 6ರ ಮೇಲೆ ಕಂಬ, 7ರ ಮೇಲೆ ಅರ್ಧ ಕಂಬ, 8ರಿಂದ 11ರವರೆಗೆ ನಾಲ್ಕು ಗಿಡ್ಡ ಕಂಬ. ಮತ್ತೆ ಹತ್ತಿ: 12 ಅರ್ಧ, 13 ಕಂಬ, 14 ಮೂಲೆ. ಹೀಗೇ ಮುಂದುವರಿದು ಕೊನೆಗೆ 33 ಕಂಬ, 34 ಅರ್ಧ, 35 ಮತ್ತು 36 ಗಿಡ್ಡ. ಬದಿಯ ನಡುವೆ ತಗ್ಗು, ಮೂಲೆಯಲ್ಲಿ ಎತ್ತರ. ರೊಟ್ಟಿ ಡಬ್ಬಿಯ ಖಾಲಿ ಜಾಗ ತುಂಬಿತಲ್ವಾ? ಎಣಿಸಿದರೆ ಚೈನು ಬಿಟ್ಟು ಒಟ್ಟು 48, ಬದಿಗೆ 12.

ಮೂಲೆಯಲ್ಲಿ ದಾರ ಬಿಗಿ ಹಿಡಿಯಬೇಡಿ. ಒಂದೇ ಕಂಬದೊಳಗೆ ನಾಲ್ಕು ಸಲ ಕಡ್ಡಿ ಹಾಕುವಾಗ ಕೈ ತಾನಾಗಿಯೇ ಬಿಗಿಯಾಗುತ್ತದೆ, ಆಗ ಲೆಕ್ಕ ಸರಿ ಇದ್ದರೂ ಮೂಲೆ ಎದ್ದು ನಿಲ್ಲುತ್ತದೆ.

ಐದನೇ ಸುತ್ತಿನಲ್ಲಿ ಇನ್ನೊಂದು ಕಡೆ ಎಡವುತ್ತೇವೆ. ವೃತ್ತದ 12ರ ಲೆಕ್ಕ ಮನಸ್ಸಿನಲ್ಲಿ ಕೂತಿರುತ್ತದೆ. ಆದರೆ ಚೌಕದ ಸುತ್ತಳತೆ ಒಂದು ಸುತ್ತಿಗೆ ಎತ್ತರದ 8 ಪಟ್ಟು ಬೆಳೆಯುತ್ತದೆ. ಎಂಟೆರಡಲ 16. ಪ್ರತಿ ಮೂಲೆಯ ಚೈನಿನೊಳಗೆ ಎರಡು ಕಂಬ, ಎರಡು ಚೈನು, ಎರಡು ಕಂಬ ಹಾಕಿದರೆ ಮೂಲೆಗೆ 4ರಂತೆ ಸರಿಯಾಗಿ 16 ಹೆಚ್ಚುತ್ತದೆ. ಉಳಿದ ಕಡೆ ಒಂದರ ಮೇಲೊಂದು ಕಂಬ, ಇನ್ನು ಏರಿಳಿತ ಬೇಡ. ಸುತ್ತು ಮುಗಿದಾಗ ಬದಿಗೆ 16, ಒಟ್ಟು 64.

ನೀವು ಮೂರು ಮೂರು ಕಂಬದ ಗುಂಪಿನ ಮಾದರಿ ಹಾಕುತ್ತಿದ್ದರೂ ತತ್ವ ಇದೇ. 12 ಗುಂಪುಗಳ ವೃತ್ತದಲ್ಲಿ 12 ಸಂದು ಇರುತ್ತವೆ. ಪ್ರತಿ ಮೂರನೇ ಸಂದು ಮೂಲೆ: ಅಲ್ಲಿ ಮೂರು ಉದ್ದ ಕಂಬ, ಎರಡು ಚೈನು, ಮೂರು ಉದ್ದ ಕಂಬ. ನಡುವಿನ ಎರಡು ಸಂದುಗಳಲ್ಲಿ ಮೂರು ಮೂರು ಅರ್ಧ ಕಂಬ. ಮುಂದಿನ ಸುತ್ತುಗಳಲ್ಲಿ ಗುಂಪುಗಳ ನಡುವೆ ಒಂದು ಚೈನು ಬಿಡುವುದು ಒಳ್ಳೆಯದು. ಬದಿಗೆ ಒಂದು ಗುಂಪು, ಒಂದು ಚೈನು ಸೇರಿ ಅಲ್ಲೂ ನಾಲ್ಕೇ ಹೆಚ್ಚುತ್ತದೆ.

ಈಗಾಗಲೇ ಹಾಕಿಟ್ಟ ಉಬ್ಬು ಚೌಕಗಳನ್ನು ಬಿಚ್ಚಲೇಬೇಕೇ? ಉಬ್ಬು ಸ್ವಲ್ಪವೇ ಇದ್ದರೆ ಬೇಡ. ಹತ್ತಿ ದಾರವಾದರೆ ಚೌಕವನ್ನು ಒದ್ದೆ ಮಾಡಿ, ಟವೆಲ್ಲಿನಲ್ಲಿ ಒತ್ತಿ ನೀರು ತೆಗೆದು, ದಪ್ಪ ಬಟ್ಟೆಯ ಮೇಲೆ ನಾಲ್ಕೂ ಮೂಲೆ ಎಳೆದು ಪಿನ್ನು ಚುಚ್ಚಿ ಒಣಗಲು ಬಿಡಿ. ನಮ್ಮ ಪೇಟೆಯಲ್ಲಿ ಉಲ್ಲನ್ ಎಂದು ಸಿಗುವುದು ಬಹಳಷ್ಟು ಸಲ ಆಕ್ರಿಲಿಕ್. ಅದು ನೀರಿಗೆ ಅಷ್ಟು ಬಗ್ಗುವುದಿಲ್ಲ, ಹಬೆ ಬೇಕು. ಇಸ್ತ್ರಿಪೆಟ್ಟಿಗೆಯನ್ನು ಎರಡು ಬೆರಳಷ್ಟು ಮೇಲೆ ಹಿಡಿದು ಹಬೆ ಮಾತ್ರ ತಾಗಿಸಿ. ಪೆಟ್ಟಿಗೆಯನ್ನು ಚೌಕಕ್ಕೆ ಮುಟ್ಟಿಸಬೇಡಿ, ದಾರ ಕರಗಿ ಜೋತುಬಿದ್ದರೆ ಮತ್ತೆ ಮೊದಲಿನಂತಾಗುವುದಿಲ್ಲ. ಹಬೆ ಆರಿ ಚೌಕ ಪೂರ್ತಿ ತಣ್ಣಗಾಗುವವರೆಗೂ ಪಿನ್ನು ತೆಗೆಯಬೇಡಿ.