ಪದ ಪರಿಚಯ: ಆಸ್ಪತ್ರೆಯ ಸಾಮರ್ಥ್ಯ ಯೋಜನೆ

ಬರಲಿರುವ ರೋಗಿಗಳ ಸಂಖ್ಯೆಯನ್ನು ಮುಂಚಿತವಾಗಿ ಅಂದಾಜಿಸಿ, ಅದಕ್ಕೆ ತಕ್ಕಷ್ಟು ಹಾಸಿಗೆ, ಸಿಬ್ಬಂದಿ, ಶಸ್ತ್ರಚಿಕಿತ್ಸಾ ಕೊಠಡಿ, ಆಮ್ಲಜನಕ, ರಕ್ತ ಮತ್ತು ಔಷಧಗಳನ್ನು ಸಿದ್ಧವಾಗಿಟ್ಟುಕೊಳ್ಳುವ ಕೆಲಸವೇ ಸಾಮರ್ಥ್ಯ ಯೋಜನೆ. ಸಾಮರ್ಥ್ಯವೆಂದೊಡನೆ ಹಾಸಿಗೆಗಳ ಲೆಕ್ಕ ನೆನಪಾಗುವುದು ಸಹಜ. 2017ರ ರಾಷ್ಟ್ರೀಯ ಆರೋಗ್ಯ ನೀತಿಯೂ 1000 ಜನರಿಗೆ 2 ಹಾಸಿಗೆಗಳ ಗುರಿಯನ್ನು ಮುಂದಿಟ್ಟಿತ್ತು. ಆದರೆ ಒಂದು ಹಾಸಿಗೆ ಎಷ್ಟು ಜನರಿಗೆ ಒದಗುತ್ತದೆ ಎಂಬುದು, ಒಬ್ಬೊಬ್ಬ ರೋಗಿ ಅಲ್ಲಿ ಎಷ್ಟು ದಿನ ಇರಬೇಕಾಗುತ್ತದೆ ಎಂಬುದನ್ನು ಅವಲಂಬಿಸಿದೆ.

100 ಹಾಸಿಗೆಗಳ ಆಸ್ಪತ್ರೆಯೊಂದಕ್ಕೆ ದಿನಕ್ಕೆ ಸರಾಸರಿ 17 ಮಂದಿ ದಾಖಲಾಗಿ, ತಲಾ 5 ದಿನ ಉಳಿಯುತ್ತಾರೆ ಎಂದುಕೊಳ್ಳೋಣ. ಆಗ ಸರಾಸರಿ 85 ಹಾಸಿಗೆಗಳು ತುಂಬಿರುತ್ತವೆ. ಸ್ಕ್ಯಾನಿಂಗ್ ವರದಿ ತಡವಾಗಿಯೋ, ಬಿಲ್ಲು ಮತ್ತು ವಿಮೆಯ ಕಾಗದಪತ್ರ ಮುಗಿಯದೆಯೋ ವಾಸ್ತವ್ಯ 6 ದಿನಕ್ಕೆ ಏರಿದರೆ, ಹೊಸದಾಗಿ ಒಬ್ಬ ರೋಗಿಯೂ ಹೆಚ್ಚದೆ 102 ಹಾಸಿಗೆಗಳು ಬೇಕಾಗುತ್ತವೆ. ಈ ಸಂಬಂಧವನ್ನು 1961ರಲ್ಲಿ ಗಣಿತದ ಮೂಲಕ ಸಾಧಿಸಿ ತೋರಿಸಿದವರು ಅಮೆರಿಕದ ಜಾನ್ ಲಿಟಲ್. ಹೊಸ ಕಟ್ಟಡಕ್ಕೆ ಹಣ ಕೇಳುವ ಮೊದಲು ಪ್ರತಿ ಆಸ್ಪತ್ರೆಯೂ ಈ ಲೆಕ್ಕವನ್ನು ಒಮ್ಮೆ ಮಾಡಲೇಬೇಕು.

ಹಾಗೆಂದು ಹಾಸಿಗೆಗಳೆಲ್ಲವೂ ಸದಾ ತುಂಬಿರುವುದು ದಕ್ಷತೆಯಲ್ಲ. ಸರಾಸರಿ 17 ಎಂದರೆ ಒಂದು ದಿನ 10, ಮತ್ತೊಂದು ದಿನ 25 ಮಂದಿ ಬರಬಹುದು. ಆ ಏರಿಳಿತವನ್ನು ತಾಳಿಕೊಳ್ಳಲು ಒಂದಷ್ಟು ಹಾಸಿಗೆಗಳು ಖಾಲಿ ಇರಲೇಬೇಕು. ಬ್ರಿಟಿಷ್ ಮೆಡಿಕಲ್ ಜರ್ನಲ್‌ನಲ್ಲಿ 1999ರಲ್ಲಿ ಪ್ರಕಟವಾದ ಅಧ್ಯಯನವೊಂದು, ತುರ್ತು ದಾಖಲಾತಿಗಳಿರುವಲ್ಲಿ ಸರಾಸರಿ ಭರ್ತಿ ಪ್ರಮಾಣ ಶೇ. 85 ದಾಟಿದಾಗ ಅಪಾಯ ಕಾಣಿಸಿಕೊಳ್ಳುತ್ತದೆ, ಶೇ. 90 ಮುಟ್ಟಿದರೆ ಹಾಸಿಗೆಯ ಕೊರತೆ ಪದೇಪದೇ ತಲೆದೋರುತ್ತದೆ ಎಂದು ಲೆಕ್ಕಹಾಕಿತು. ಇದನ್ನು ಎಲ್ಲ ವಾರ್ಡ್‌ಗಳಿಗೂ ಒಂದೇ ಸಮನಾಗಿ ಅನ್ವಯಿಸಲಾಗದು. 10 ಹಾಸಿಗೆಗಳ ತೀವ್ರ ನಿಗಾ ಘಟಕ ಬಹುಬೇಗ ಭರ್ತಿಯಾಗುವುದರಿಂದ, ದೊಡ್ಡ ಸಾಮಾನ್ಯ ವಾರ್ಡ್‌ಗಿಂತ ಅದಕ್ಕೆ ಹೆಚ್ಚಿನ ಪಾಲು ಬಿಡುವು ಬೇಕು.

ಕೆಲವು ಏರಿಳಿತಗಳನ್ನು ಮೊದಲೇ ಊಹಿಸಬಹುದು. ಮಳೆಗಾಲದಲ್ಲಿ ಡೆಂಗಿ ಮತ್ತು ಹಾವು ಕಡಿತ, ಮಲೆನಾಡಿನಲ್ಲಿ ಡಿಸೆಂಬರ್‌ನಿಂದ ಮೇವರೆಗೆ ಮಂಗನ ಕಾಯಿಲೆ ಹೆಚ್ಚು ಎಂಬುದು ತಿಳಿದ ಸಂಗತಿಯಾದ್ದರಿಂದ, ಹಾವಿನ ವಿಷಕ್ಕೆ ಪ್ರತಿವಿಷವನ್ನೂ ಪ್ಲೇಟ್‌ಲೆಟ್‌ಗಳ ವ್ಯವಸ್ಥೆಯನ್ನೂ ಆಯಾ ಋತುವಿಗೆ ಮುಂಚೆಯೇ ಮಾಡಿಕೊಳ್ಳಬೇಕು.

ಎಲ್ಲಕ್ಕಿಂತ ಕಡೆಗಣಿಸಲ್ಪಡುವುದು ಸಿಬ್ಬಂದಿಯ ಲೆಕ್ಕ. 2021ರ ಏಪ್ರಿಲ್ ಮತ್ತು ಮೇ ತಿಂಗಳಲ್ಲಿ, ಕೋವಿಡ್ ಎರಡನೇ ಅಲೆ ಬೆಂಗಳೂರನ್ನು ಬಾಧಿಸಿದಾಗ, ಜನರು ಪರದಾಡಿದ್ದು ಬರೀ ಮಂಚಕ್ಕಾಗಿ ಅಲ್ಲ, ಆಮ್ಲಜನಕ ಮತ್ತು ವೆಂಟಿಲೇಟರ್ ಇರುವ ಹಾಸಿಗೆಗಾಗಿ. ವೆಂಟಿಲೇಟರ್ ಖರೀದಿಸಿದರೂ ಅದನ್ನು ನಿಭಾಯಿಸಲು ತರಬೇತಾದವರು ಬೇಕು. ಅಂಥ ಒಂದು ಹಾಸಿಗೆಯ ಬಳಿ ಹಗಲಿರುಳು ಒಬ್ಬ ಶುಶ್ರೂಷಕಿ ಇರಬೇಕೆಂದರೆ, ಮೂರು ಪಾಳಿ, ವಾರದ ರಜೆ ಮತ್ತು ಇತರ ರಜೆಗಳನ್ನು ಸೇರಿಸಿದಾಗ ಕನಿಷ್ಠ ನಾಲ್ವರನ್ನು ನೇಮಿಸಬೇಕಾಗುತ್ತದೆ. ಆ ಹುದ್ದೆಗಳು ಖಾಲಿ ಇರುವಷ್ಟು ಕಾಲ ಆ ಹಾಸಿಗೆಯನ್ನು ಸಾಮರ್ಥ್ಯದ ಲೆಕ್ಕಕ್ಕೆ ಹಿಡಿಯುವುದು ಸರಿಯಲ್ಲ.